ಜಠರದ ಕ್ಯಾನ್ಸರ್: ಕಳೆ ಕಿತ್ತ ಮೇಲೂ ಕಾವಲು ಬೇಕು

ನನ್ನ ಚಿಕಿತ್ಸಾಲಯಕ್ಕೆ ಬಹುಕಾಲದಿಂದ ಬರುತ್ತಿರುವ ನಿವೃತ್ತ ಶಿಕ್ಷಕರೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆ ಕೇಳಿದರು. ಅವರ ಜಠರದಲ್ಲಿ ಆರಂಭದ ಹಂತದ ಕ್ಯಾನ್ಸರ್ ಕಂಡುಬಂದು, ಹೊಟ್ಟೆ ಕೊಯ್ಯದೆ ಎಂಡೊಸ್ಕೋಪಿಯ ಮೂಲಕವೇ ಅದನ್ನು ತೆಗೆದಿದ್ದರು. ಎರಡು ವರ್ಷಗಳ ಬಳಿಕ ಬೇರೊಂದು ಜಾಗದಲ್ಲಿ ಮತ್ತೊಂದು ಕಾಣಿಸಿತು. ಅದನ್ನೂ ಹಾಗೆಯೇ ತೆಗೆದರು. ಈಗ ಮೂರನೆಯದು. ಈ ಸಲ ಶಸ್ತ್ರಚಿಕಿತ್ಸೆಯೇ ಆಗಬೇಕೆಂದು ತಜ್ಞರು ಹೇಳಿದ್ದಾರೆ. “ಡಾಕ್ಟರೇ, ಮೇಲಿಂದ ಮೇಲೆ ಬರುತ್ತಿದೆಯೆಂದರೆ ಮಾಡಿದ್ದೆಲ್ಲ ವ್ಯರ್ಥವಾಯಿತಲ್ಲವೇ? ಇನ್ನು ಆ ಗೊಡವೆ ಬೇಡ, ನೀವೇ ಏನಾದರೂ ಔಷಧಿ ಕೊಡಿ” ಎಂದರು.

ನಾನು ಕೊಡಲಿಲ್ಲ. ಏಕೆ ಕೊಡಲಿಲ್ಲವೆಂಬುದನ್ನು ಓದುಗರಿಗೂ ತಿಳಿಸಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಜಠರದ ಒಳಗೋಡೆಯ ಲೋಳೆಪೊರೆ ಮತ್ತು ಅದರ ಕೆಳಗಿನ ಪದರ, ಇವೆರಡನ್ನು ದಾಟದ ಕ್ಯಾನ್ಸರನ್ನು ‘ಆರಂಭದ ಹಂತದ್ದು’ ಎನ್ನುತ್ತಾರೆ. ಈ ವ್ಯಾಖ್ಯೆಯನ್ನು 1962ರಲ್ಲಿ ನೀಡಿದವರು ಜಪಾನಿನ ವೈದ್ಯರು. ಈ ಹಂತದಲ್ಲಿ ಚಿಕಿತ್ಸೆಯಾದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟಿ ಬಾಳುತ್ತಾರೆ. ಗಡ್ಡೆ ಲೋಳೆಪೊರೆಯಲ್ಲಷ್ಟೇ ಇದ್ದರೆ, ಅದರ ಕೆಳಗೆ ದ್ರವ ಚುಚ್ಚಿ ಉಬ್ಬಿಸಿ, ಎಂಡೊಸ್ಕೋಪಿನ ತುದಿಯಿಂದ ಹೊರಬರುವ ವಿದ್ಯುತ್ ಚಾಕುವಿನಿಂದ ಸುತ್ತಲೂ ಕೊರೆದು, ಒಂದೇ ತುಂಡಾಗಿ ಬಿಡಿಸುತ್ತಾರೆ. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ವಿಧಾನ ಇಂದು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಲಭ್ಯವಿದೆ. ರಕ್ತಸ್ರಾವವಾಗುವ, ಜಠರದ ಗೋಡೆ ತೂತಾಗುವ ಅಪಾಯ ಇದರಲ್ಲಿಲ್ಲವೆಂದಲ್ಲ. ಆದರೆ ಜಠರ ಉಳಿಯುತ್ತದೆ.

ಉಳಿಯುವುದೇ ಲಾಭ, ಉಳಿಯುವುದರಲ್ಲೇ ಎಚ್ಚರಿಕೆಯೂ ಇದೆ. ಹೊಲದಲ್ಲಿ ಒಂದು ಕಳೆ ಕಿತ್ತ ಮಾತ್ರಕ್ಕೆ ಮಣ್ಣಿನಲ್ಲಿರುವ ಬೀಜವೆಲ್ಲ ಹೋಯಿತೆಂದು ಯಾವ ರೈತನೂ ನಂಬುವುದಿಲ್ಲ. ದೀರ್ಘಕಾಲದ ಉರಿಯೂತದಿಂದ ಸವೆದ ಲೋಳೆಪೊರೆಯೂ ಅಂಥ ಹೊಲವೇ. ಒಂದೇ ಸಮಯದಲ್ಲಿ ಎರಡು ಮೂರು ಕಡೆ ಗಡ್ಡೆಗಳಿರಬಹುದು, ವರ್ಷಗಳ ಅಂತರದಲ್ಲಿ ಹೊಸ ಜಾಗದಲ್ಲಿ ಹುಟ್ಟಲೂಬಹುದು. ಹಾಗೆ ಬಂದದ್ದು ಹೆಚ್ಚಾಗಿ ಹಳೆಯದರ ಮರುಕಳಿಕೆಯಲ್ಲ, ಹೊಸತು. ಆದ್ದರಿಂದ ನಮ್ಮ ಶಿಕ್ಷಕರ ಮೊದಲೆರಡು ಚಿಕಿತ್ಸೆಗಳು ಸೋಲಲಿಲ್ಲ. ತಪ್ಪದೆ ಪರೀಕ್ಷೆಗೆ ಹೋದುದರಿಂದಲೇ ಮೂರನೆಯದೂ ಬೇಗ ಕಂಡಿತು.

ಸುಶ್ರುತರು ಚಿಕಿತ್ಸೆಯ ಸಾರವೆಂದು ಹೇಳಿದ ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರಮಾಡುವುದು, ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಗುರುತಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಎಂಡೊಸ್ಕೋಪಿ ಚಿಕಿತ್ಸೆ ಪಡೆದವರನ್ನು ಕುರಿತು ಕೊರಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬ್ಯಾಕ್ಟೀರಿಯಾವನ್ನು ನಿರ್ಮೂಲಗೊಳಿಸುವ ಔಷಧಿ ಪಡೆದ 194 ಮಂದಿಯಲ್ಲಿ 14 ಮಂದಿಗೆ ಹೊಸ ಕ್ಯಾನ್ಸರ್ ಬಂದಿತು. ಹುಸಿ ಔಷಧಿ ಪಡೆದ 202 ಮಂದಿಯಲ್ಲಿ 27 ಮಂದಿಗೆ ಬಂದಿತು. ಅಪಾಯ ಅರ್ಧಕ್ಕೆ ಇಳಿಯಿತು, ಆದರೆ ಇಲ್ಲವಾಗಲಿಲ್ಲ. ಆದ್ದರಿಂದ ಔಷಧಿ ಮುಗಿಸಿದವರೂ ವರ್ಷಕ್ಕೊಮ್ಮೆಯಾದರೂ ಎಂಡೊಸ್ಕೋಪಿ ಮಾಡಿಸಲೇಬೇಕು. ತಂಬಾಕು ಬಿಡಬೇಕು, ಅತಿಯಾದ ಉಪ್ಪು ಕಡಿಮೆಮಾಡಬೇಕು.

ಶಸ್ತ್ರಚಿಕಿತ್ಸೆ ಯಾವಾಗ? ಗಡ್ಡೆ ಕೆಳಪದರದೊಳಗೆ ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ, ರಕ್ತನಾಳ ಅಥವಾ ದುಗ್ಧನಾಳಗಳನ್ನು ಹೊಕ್ಕಿದ್ದರೆ, ಸುತ್ತಲಿನ ದುಗ್ಧಗ್ರಂಥಿಗಳಿಗೆ ಹರಡಿರುವ ಸಂಭವವಿರುತ್ತದೆ. ಎಂಡೊಸ್ಕೋಪಿಯ ಚಾಕು ಅಲ್ಲಿಗೆ ಮುಟ್ಟದು. ಆಗ ಜಠರದ ಭಾಗವನ್ನೋ, ಗಡ್ಡೆಗಳು ಹಲವೆಡೆ ಇದ್ದರೆ ಇಡೀ ಜಠರವನ್ನೋ ಗ್ರಂಥಿಗಳ ಸಮೇತ ತೆಗೆಯಬೇಕಾಗುತ್ತದೆ. ಭಾಗ ಉಳಿಸಿಕೊಂಡವರಿಗೆ ಆ ಭಾಗದ ಕಾವಲು ತಪ್ಪದು. ಪೂರ್ಣ ತೆಗೆಸಿಕೊಂಡವರು ಜೀವನಪರ್ಯಂತ ಬಿ12 ಜೀವಸತ್ವ ಪಡೆಯಬೇಕು. ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವೇ, ಚೆನ್ನಾಗಿ ಅಗಿದು ಉಣ್ಣಬೇಕು. ಕಷ್ಟವೇನೋ ನಿಜ, ಆದರೆ ಬಾಳಬಹುದಾದ ಬಾಳು. ಪಥ್ಯ, ಪಚನ, ಬಲವರ್ಧನೆಗಳಲ್ಲಿ ಶಸ್ತ್ರವೈದ್ಯರ ಒಪ್ಪಿಗೆ ಪಡೆದು ಆಯುರ್ವೇದ ನೆರವಾಗಬಲ್ಲದು. ಗಡ್ಡೆ ತೆಗೆಯುವ ಕೆಲಸಕ್ಕೆ ನಮ್ಮ ಚೂರ್ಣ, ಕಷಾಯಗಳು ಬದಲಿಯಾಗಲಾರವು.

ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. ಎದೆಯುರಿ, ಹುಳಿತೇಗು ಎಂದವರಿಗೆಲ್ಲ ಅಮ್ಲಪಿತ್ತವೆಂದು ಬರೆದು ತಿಂಗಳುಗಟ್ಟಲೆ ಔಷಧಿ ನೀಡುವ ರೂಢಿ ನಮ್ಮಲ್ಲಿದೆ. ನಾನೂ ಹಾಗೆ ಮಾಡಿದವನೇ. ಆಮ್ಲ ತಗ್ಗಿಸುವ ಔಷಧಿಯಿಂದ ಕ್ಯಾನ್ಸರಿನ ಹುಣ್ಣೂ ಕೆಲಕಾಲ ಮಾಯ್ದಂತೆ ಕಂಡು ವೈದ್ಯನನ್ನೇ ಮೋಸಗೊಳಿಸಬಲ್ಲದು. ಆರಂಭದ ಕ್ಯಾನ್ಸರಿಗೆ ಎಷ್ಟೋ ವೇಳೆ ಯಾವ ಲಕ್ಷಣವೂ ಇರುವುದಿಲ್ಲ. ನಮ್ಮ ದೇಶದಲ್ಲಿ ಕೊರಿಯಾದಂತೆ ನಲವತ್ತು ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಜಠರ ತಪಾಸಣೆ ನಡೆಸುವ ರಾಷ್ಟ್ರೀಯ ವ್ಯವಸ್ಥೆ ಇಲ್ಲ. ಹಾಗಾಗಿ ಮಧ್ಯವಯಸ್ಸು ದಾಟಿದವರಲ್ಲಿ ಹೊಸದಾಗಿ ಅಜೀರ್ಣ ಶುರುವಾದರೆ, ತೂಕ ಇಳಿದರೆ, ರಕ್ತಹೀನತೆ ಕಂಡರೆ, ಮಲ ಕಪ್ಪಾದರೆ, ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, ಔಷಧಿಗಿಂತ ಮೊದಲು ಎಂಡೊಸ್ಕೋಪಿಗೆ ಕಳುಹಿಸಬೇಕು. ಹಾಗೆ ಕಳುಹಿಸಿದರೆ ವೈದ್ಯನ ಗೌರವ ಕುಂದುವುದಿಲ್ಲ.

ಶಿಕ್ಷಕರು ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಾರೆ. ಆ ಬಳಿಕದ ಪಥ್ಯವನ್ನು ಕೇಳಲು ನನ್ನ ಬಳಿಗೇ ಬರುವೆನೆಂದು ಹೇಳಿ ಹೋದರು.