ಗರ್ಭಿಣಿಯರಿಗೂ ಫಿಸಿಯೋಥೆರಪಿ ಸಿಗಲಿ



ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಈ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಉಪಕಾರವಾಗಿದೆ. ರಕ್ತ, ಬಿಪಿ, ಸಕ್ಕರೆ, ತೂಕ ಎಲ್ಲವೂ ತಾಯಿ ಕಾರ್ಡಿಗೆ ಏರುತ್ತವೆ. ಆದರೆ ಹೆರಿಗೆಯ ಭಾರ ಹೊರುವ ಸ್ನಾಯುಗಳನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆಂದು ಹೇಳಿಕೊಡುವವರು ನಮ್ಮ ಕಡೆ ಇಲ್ಲ. ನನ್ನ ತಕರಾರು ಇದಕ್ಕೇ.

ಸಂತೇಬೆನ್ನೂರು ಸುತ್ತಮುತ್ತ ಅಡಿಕೆ ಸುಲಿಯಲು, ಭತ್ತದ ನಾಟಿಗೆ ಹೋಗುವ ಎಷ್ಟೋ ಹೆಂಗಸರಿಗೆ ಕೆಮ್ಮಿದರೆ, ಸೀನಿದರೆ, ಪುಟ್ಟಿ ಎತ್ತಿದರೆ ಮೂತ್ರ ಹನಿಯುತ್ತದೆ. ಬಸ್ಸು ಹತ್ತಲು, ಮದುವೆ ಮನೆಯಲ್ಲಿ ಕೂರಲು ಅವರಿಗೆ ಅಂಜಿಕೆ. ಕೆಲವರಿಗೆ ಗರ್ಭಕೋಶವೇ ಜಾರಿರುತ್ತದೆ. ಬಾಯಿಬಿಟ್ಟು ಹೇಳಿದರೆ, "ಹೆತ್ತ ಮೇಲೆ ಇವೆಲ್ಲ ಇದ್ದದ್ದೇ" ಎಂಬ ಉತ್ತರ. ಇದ್ದದ್ದೇ ಎಂದು ಸುಮ್ಮನಿರುವ ವಿಷಯವಲ್ಲ ಇದು. ಇದರಲ್ಲಿ ಸಾಕಷ್ಟನ್ನು ಮೊದಲೇ ತಡೆಯಬಹುದು.

ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹಿಡಿದಿರುವ ಸ್ನಾಯುಗಳು ಮಗು ಹೊರಬರುವಾಗ ವಿಪರೀತ ಹಿಗ್ಗುತ್ತವೆ. ಅವುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಪ್ರಕಟಿಸಿದರು. ಬಸಿರಿನಲ್ಲೇ ಇದನ್ನು ಕಲಿತವರಿಗೆ ಹೆರಿಗೆಯ ನಂತರ ಮೂತ್ರ ಸೋರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. 34–35ನೇ ವಾರದಿಂದ ಹೆರಿಗೆ ದಾರಿಯ ಸುತ್ತಲಿನ ಭಾಗವನ್ನು ಎಣ್ಣೆ ಹಚ್ಚಿ ಮೆಲ್ಲಗೆ ನೀವಿಕೊಂಡರೆ ಚೊಚ್ಚಲ ಬಾಣಂತಿಯರಿಗೆ ಹೊಲಿಗೆ ಬೀಳುವ ಸಂಭವ ತಗ್ಗುತ್ತದೆ. ಮಗು ಹೊರಬರುವ ಹಂತದಲ್ಲಿ ಆ ಭಾಗಕ್ಕೆ ಬೆಚ್ಚಗಿನ ನೀರಿನ ಬಟ್ಟೆಯ ಶಾಖ ಕೊಟ್ಟರೆ ಗುದದ್ವಾರದವರೆಗೆ ಹರಿಯುವಂಥ ಗಂಭೀರ ಗಾಯಗಳು ಕಡಿಮೆಯಾಗುತ್ತವೆ. ಎಲ್ಲರಿಗೂ ವಾಡಿಕೆಯಂತೆ ಹೆರಿಗೆ ದಾರಿಯ ಅಂಚನ್ನು ಕೊಯ್ದು ಹೊಲಿಗೆ ಹಾಕುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಷ್ಟೆಲ್ಲ ಮಾಡಿದರೂ ಗಾಯವೇ ಆಗದೆಂದು ಯಾರೂ ಮಾತು ಕೊಡಲಾರರು. ಆದರೆ ದುಬಾರಿ ಯಂತ್ರವಿಲ್ಲದೆ ಅಪಾಯ ತಗ್ಗಿಸುವ ದಾರಿ ಇರುವಾಗ ಅದನ್ನು ಕೈಬಿಡುವುದು ಅನ್ಯಾಯ.

"ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮ ಯಾಕೆ?" ಎಂದು ಕೇಳುವವರಿದ್ದಾರೆ. ಭಾರ ಎತ್ತಿದಾಗ ಕೆಳಗಿನ ಈ ಸ್ನಾಯುಗಳ ಮೇಲೂ ಒತ್ತಡ ಬೀಳುತ್ತದೆ. ಹಾಗಾಗಿ ದುಡಿಯುವ ಹೆಂಗಸರಿಗೇ ಇದರ ಅಗತ್ಯ ಹೆಚ್ಚು. ಯಾವ ಸ್ನಾಯು ಬಿಗಿಹಿಡಿಯಬೇಕು, ಭಾರ ಎತ್ತುವಾಗ ಉಸಿರು ಹೇಗೆ ಬಿಡಬೇಕು, ಹೆರುವಾಗ ಹೇಗೆ ಸಡಿಲಿಸಬೇಕು ಎಂಬುದನ್ನು ಬಲ್ಲವರೊಬ್ಬರು ಹೇಳಿಕೊಡಬೇಕು. ಚೀಟಿ ಓದಿ ಕಲಿಯುವ ವಿದ್ಯೆ ಇದಲ್ಲ.

ನಮ್ಮಲ್ಲಿ ಫಿಸಿಯೋಥೆರಪಿ ಎಂದರೆ ಮಂಡಿನೋವು, ಪಾರ್ಶ್ವವಾಯು ಆದವರಿಗೆ ಮಾತ್ರ ಎಂಬ ಭಾವನೆಯಿದೆ. ಆದರೆ ಫ್ರಾನ್ಸ್‌ನಲ್ಲಿ ಹೆರಿಗೆಯಾದ ಮೇಲೆ ಈ ಸ್ನಾಯುಗಳ ಚಿಕಿತ್ಸೆಯ ವೆಚ್ಚವನ್ನು ಸಾಮಾಜಿಕ ವಿಮೆಯೇ ಭರಿಸುತ್ತದೆ. ನಮ್ಮ ಬಸುರಿ ಹೆಣ್ಣುಮಗಳು ಇದಕ್ಕಾಗಿ ಕೂಲಿ ಬಿಟ್ಟು ದಾವಣಗೆರೆಗೆ ಬಸ್ಸು ಹತ್ತಬೇಕೇ?

ಆರೋಗ್ಯ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಆಸ್ಪತ್ರೆಗಳಿಗೆ 9ನೇ ತಾರೀಖಿನ ತಪಾಸಣೆಯ ದಿನ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಳಿಸಲಿ. ಸಾಧ್ಯವಾದಷ್ಟೂ ಮಹಿಳೆಯರೇ ಆಗಿರಲಿ, ಪರದೆ ಹಾಕಿದ ಒಂದು ಕೋಣೆ ಇರಲಿ. ಹೆರಿಗೆ ಕೋಣೆಯ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಡಲಿ. ನಮ್ಮಲ್ಲಿ ಕುಬಸ ಮುಗಿದ ಮೇಲೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಜಗಳೂರಿನ ಸೊಸೆ ಹೊನ್ನಾಳಿಯಲ್ಲಿ ಹೆರುತ್ತಾಳೆ. ಆದ್ದರಿಂದ ಕಲಿಸಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆದು ಕಳಿಸಬೇಕು, ತವರಿನ ಆಶಾ ಅದನ್ನು ಮುಂದುವರಿಸಬೇಕು. ಹೆರಿಗೆಯಾಗಿ ಆರು ವಾರಕ್ಕೆ, "ಮೂತ್ರ ಸೋರುತ್ತದೆಯೇ? ಹೊಲಿಗೆ ನೋಯುತ್ತದೆಯೇ?" ಎಂದು ಪ್ರತಿ ಬಾಣಂತಿಯನ್ನೂ ಕೇಳಬೇಕು.

ತಾಯಿ, ಮಗು ಇಬ್ಬರೂ ಬದುಕಿದರೆ ಸಾಕು ಎನ್ನುವ ಕಾಲ ಹೋಯಿತು. ತಾಯಿ ಮೊದಲಿನಂತೆ ನಡೆದಾಡಿ, ದುಡಿದು, ನಕ್ಕು ಬಾಳಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಬರುವ 9ನೇ ತಾರೀಖಿನಿಂದಲೇ ಇದಕ್ಕೆ ಚಾಲನೆ ಕೊಡಲಿ ಎಂದು ವಿನಂತಿಸುತ್ತೇನೆ.

— ನೊಂದ ಓದುಗಿ, ಸಂತೇಬೆನ್ನೂರು, ಚನ್ನಗಿರಿ ತಾಲ್ಲೂಕು