ಜೋಡಿ ಚಕ್ರದ ಆಸೆಯೂ ನೋಂದಣಿ ಪತ್ರದ ತೂಕವೂ

ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ಪಿಕಪ್ ವಾಹನವಿಲ್ಲದ ಸಣ್ಣ ವ್ಯಾಪಾರವನ್ನು ಊಹಿಸುವುದೇ ಇಂದು ಕಷ್ಟವಾಗಿದೆ. ಜಗಳೂರಿನ ಮೆಕ್ಕೆಜೋಳ, ಹೊನ್ನಾಳಿಯ ಭತ್ತ, ಚನ್ನಗಿರಿಯ ಅಡಿಕೆ ಇವೆಲ್ಲ ಕಣದಿಂದ ಮಂಡಿಗೆ, ಮಂಡಿಯಿಂದ ಗೋದಾಮಿಗೆ ಬರುವುದು ಬಹುಮಟ್ಟಿಗೆ ಈ ವಾಹನಗಳಲ್ಲಿಯೇ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ತರುವಾಯ ನಾಲ್ಕು ಚಕ್ರದ ಸಣ್ಣ ಸರಕು ವಾಹನವು ಅಂಗಡಿಯ ತಕ್ಕಡಿಯಷ್ಟೇ ಸಾಮಾನ್ಯ ಸಾಧನವಾಯಿತು. ವ್ಯಾಪಾರ ಬೆಳೆದಂತೆ ಸರಕು ಹೆಚ್ಚುತ್ತದೆ. ಹಿಂದೆ ಒಂದು ಟ್ರೈಲರನ್ನೋ ಒಕ್ಕುವ ಯಂತ್ರವನ್ನೋ ಕಟ್ಟಿ ಎಳೆಯುವ ಅಗತ್ಯವೂ ಬೀಳುತ್ತದೆ. ಆಗ ವಾಹನದ ಮಾಲೀಕನಿಗೆ ಹೊಳೆಯುವ ಉಪಾಯವೆಂದರೆ ಹಿಂಬದಿಯ ಒಂಟಿ ಚಕ್ರಗಳ ಜಾಗದಲ್ಲಿ ಜೋಡಿ ಚಕ್ರಗಳನ್ನು ಹಾಕಿಸುವುದು. ನಾಲ್ಕು ಟೈರಿನ ಗಾಡಿ ಆರು ಟೈರಿನದಾದರೆ ಒಂದೂವರೆ ಪಟ್ಟು ಭಾರ ಹೊರಬಹುದು ಎಂಬುದು ಇದರ ಹಿಂದಿನ ಸರಳ ತರ್ಕ.

ಈ ತರ್ಕದಲ್ಲಿ ಅರ್ಧ ಸತ್ಯವಿದೆ. ಜೋಡಿ ಚಕ್ರದಿಂದ ಪ್ರತಿ ಟೈರಿನ ಮೇಲಿನ ಹೊರೆ ಇಳಿಯುತ್ತದೆ. ಚೀಲಗಳನ್ನು ಎತ್ತರವಾಗಿ ಹೇರಿದಾಗ ಗಾಡಿ ಅಕ್ಕಪಕ್ಕ ಓಲಾಡುವುದು ತಗ್ಗುತ್ತದೆ. ಒಂದು ಟೈರು ಒಡೆದರೂ ಪಕ್ಕದ್ದು ಕೆಲಕಾಲ ಆಧಾರವಾಗಿ ನಿಲ್ಲುತ್ತದೆ. ಟ್ರೈಲರನ್ನು ಎಳೆಯುವಾಗ ಕೊಂಡಿಯ ಮೇಲೆ ಬೀಳುವ ಭಾರವು ಹಿಂದಿನ ಆಕ್ಸೆಲನ್ನು ಒತ್ತಿ ಮುಂದಿನ ಚಕ್ರಗಳನ್ನು ಹಗುರಮಾಡುವುದರಿಂದ, ಹಿಂಬದಿಯಲ್ಲಿ ಹೆಚ್ಚಿನ ಆಧಾರವಿರುವುದು ಒಳ್ಳೆಯದೇ.

ಆದರೆ ಭಾರವನ್ನು ಹೊರುವುದು ಟೈರು ಮಾತ್ರವಲ್ಲ. ಚಾಸಿ, ಹೌಸಿಂಗ್, ಹಬ್ಬಿನ ಬೇರಿಂಗು, ಸ್ಪ್ರಿಂಗ್ ಪ್ಲೇಟುಗಳು, ಕ್ಲಚ್, ಗೇರ್‌ಬಾಕ್ಸ್ ಎಲ್ಲವೂ ಹೊರುತ್ತವೆ. ಹೊತ್ತದ್ದನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವುದು ಬ್ರೇಕು. ಇವುಗಳಲ್ಲಿ ಅತ್ಯಂತ ದುರ್ಬಲವಾದ ಅಂಗ ಎಷ್ಟು ತಾಳಬಲ್ಲುದೋ ಗಾಡಿಯ ಶಕ್ತಿಯೂ ಅಷ್ಟೇ. ಹಳೆಯ ಹಬ್ಬಿಗೆ ಸ್ಪೇಸರ್ ಕೊಟ್ಟು ಹೊರಗಡೆಗೆ ಇನ್ನೊಂದು ಡಿಸ್ಕ್ ಕೂರಿಸಿದರೆ ಭಾರವು ಬೇರಿಂಗಿನಿಂದ ಆಚೆಗೆ ಸರಿದು ಅದು ಬೇಗ ಸವೆಯುತ್ತದೆ. ಜೋಡಿಯ ಎರಡು ಟೈರುಗಳ ಅಳತೆಯಲ್ಲಿ ಅಲ್ಪ ವ್ಯತ್ಯಾಸವಿದ್ದರೂ ದೊಡ್ಡ ಟೈರೇ ಹೆಚ್ಚಿನ ಹೊರೆಯನ್ನು ಹೊತ್ತು ಕಾಯುತ್ತದೆ. ಹೊಲದ ದಾರಿಯಲ್ಲಿ ಎರಡು ಟೈರುಗಳ ನಡುವೆ ಕಲ್ಲು ಸಿಕ್ಕಿಕೊಳ್ಳುವುದು ಲಾರಿ ಚಾಲಕರೆಲ್ಲರೂ ಬಲ್ಲ ಪೀಡೆ.

ಅಮೆರಿಕದಲ್ಲಿ ಹಿಂಬದಿ ಜೋಡಿ ಚಕ್ರದ ಪಿಕಪ್‌ಗಳು ಬಹಳ ಪ್ರಚಲಿತ. ಫೋರ್ಡ್ ಎಫ್-350ಯಂತಹ ವಾಹನವನ್ನು ಒಂಟಿ ಚಕ್ರದಲ್ಲಿಯೂ ಜೋಡಿ ಚಕ್ರದಲ್ಲಿಯೂ ಕಾರ್ಖಾನೆಯೇ ತಯಾರಿಸಿ ಮಾರುತ್ತದೆ. ಪ್ರತಿ ವಾಹನದ ಬಾಗಿಲಿನ ಬಳಿ ಅಂಟಿಸಿದ ಪಟ್ಟಿಯಲ್ಲಿ ಒಟ್ಟು ತೂಕದ ಮಿತಿ ನಮೂದಾಗಿರುತ್ತದೆ. ಮಾಲೀಕನು ತಾನಾಗಿ ಜೋಡಿ ಚಕ್ರ ಕೂರಿಸಿಕೊಂಡ ಮಾತ್ರಕ್ಕೆ ಆ ಪಟ್ಟಿಯ ಅಂಕಿ ಬದಲಾಗುವುದಿಲ್ಲ. ಭಾರತದಲ್ಲಿ ಆ ಪಟ್ಟಿಯ ಸ್ಥಾನದಲ್ಲಿ ನೋಂದಣಿ ಪತ್ರವಿದೆ.

ನೋಂದಣಿ ಪತ್ರದಲ್ಲಿ ವರ್ತಕನು ಗಮನಿಸಬೇಕಾದ ಅಂಕಿಗಳು ಎರಡು: ಖಾಲಿ ತೂಕ ಮತ್ತು ಭಾರ ಸಹಿತ ಒಟ್ಟು ತೂಕ. ಇವೆರಡರ ವ್ಯತ್ಯಾಸವೇ ಹೇರಬಹುದಾದ ಸರಕು. ಉದಾಹರಣೆಗೆ ಒಂದು ಪಿಕಪ್ಪಿನ ಒಟ್ಟು ತೂಕ 2,950 ಕಿಲೋ, ಖಾಲಿ ತೂಕ 1,650 ಕಿಲೋ ಎಂದಿಟ್ಟುಕೊಳ್ಳೋಣ. 13 ಕ್ವಿಂಟಾಲ್ ಸರಕಿಗೆ ಅವಕಾಶವಿದೆ. ಜೋಡಿ ಚಕ್ರ, ಹೊಸ ಹೌಸಿಂಗ್, ಹೆಚ್ಚುವರಿ ಪ್ಲೇಟುಗಳು ಸೇರಿ 150 ಕಿಲೋ ಕೂಡಿದರೆ ಖಾಲಿ ತೂಕ 1,800 ಆಗುತ್ತದೆ. ಒಟ್ಟು ತೂಕ ಮಾತ್ರ ಇದ್ದಲ್ಲಿಯೇ ಇರುತ್ತದೆ. ಉಳಿಯುವುದು ಹನ್ನೊಂದೂವರೆ ಕ್ವಿಂಟಾಲ್! ಅಂದರೆ ಹಣ ಖರ್ಚುಮಾಡಿ ಚಕ್ರ ಹೆಚ್ಚಿಸಿದವನ ಗಾಡಿ, ಕಾನೂನಿನ ದೃಷ್ಟಿಯಲ್ಲಿ, ಮೊದಲಿಗಿಂತ ಕಡಿಮೆ ಹೊರುವ ಗಾಡಿಯಾಗುತ್ತದೆ. ಗ್ಯಾರೇಜಿನಲ್ಲಿ ಯಾರೂ ಹೇಳದ ಲೆಕ್ಕ ಇದು.

ಮಾಲೀಕನು ಸಹಜವಾಗಿಯೇ ಹನ್ನೊಂದೂವರೆಗೆ ನಿಲ್ಲುವುದಿಲ್ಲ. 22 ಕ್ವಿಂಟಾಲ್ ಹೇರುತ್ತಾನೆ. ಆಗ ಮಿತಿ ಮೀರಿದ ಭಾರ 1,050 ಕಿಲೋ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಂತೆ ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ. ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ಮಾಲೀಕನದೇ, ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ಇತ್ತ ಲಾಭವೆಷ್ಟು? ಬಾಡಿಗೆ ಕ್ವಿಂಟಾಲಿಗೆ 40 ರೂಪಾಯಿ ಎಂದು ಹಿಡಿದರೆ ಹೆಚ್ಚುವರಿ 9 ಕ್ವಿಂಟಾಲಿಗೆ ಸಿಗುವುದು ಸರದಿಗೆ 360 ರೂಪಾಯಿ. ಒಂದು ಬಾರಿಯ 22,000 ರೂಪಾಯಿ ದಂಡವು 61 ಸರದಿಗಳ ಹೆಚ್ಚುವರಿ ಗಳಿಕೆಯನ್ನು ನುಂಗುತ್ತದೆ. ಮಾರ್ಪಾಡಿಗೆ 80,000 ರೂಪಾಯಿ ತಗುಲಿದ್ದರೆ ಅದು ಮರಳಲು 222 ಸರದಿಗಳು ಬೇಕು. ಹೆಚ್ಚಿನ ಡೀಸೆಲ್, ಎರಡು ಹೆಚ್ಚುವರಿ ಟೈರುಗಳ ಸವೆತ ಇವನ್ನು ಇಲ್ಲಿ ಸೇರಿಸಿಯೇ ಇಲ್ಲ. ಇಲ್ಲಿನ ಬಾಡಿಗೆ ಮತ್ತು ಮಾರ್ಪಾಡಿನ ವೆಚ್ಚ ಕೇವಲ ಊಹೆಯ ಅಂಕಿಗಳು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು.

ಮಾರ್ಪಾಡು ತಾನೇ ಒಂದು ಅಪರಾಧವಾಗಬಹುದು ಎಂಬುದನ್ನು ಹಲವರು ಅರಿತಿಲ್ಲ. ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ಎಳೆಯುವ ಟ್ರೈಲರು ಕೂಡ ಕಾಯಿದೆಯ ವ್ಯಾಖ್ಯೆಯಂತೆ ಮೋಟಾರು ವಾಹನವೇ ಆಗಿದ್ದು ಅದಕ್ಕೆ ಪ್ರತ್ಯೇಕ ನೋಂದಣಿ ಮತ್ತು ವಿಮೆ ಬೇಕು. ಇನ್ನು ಎಫ್.ಸಿ. ನವೀಕರಣದ ದಿನ ಹಳೆಯ ಚಕ್ರಗಳನ್ನು ಹಾಕಿಸಿ ಮಾರನೆಯ ದಿನ ಜೋಡಿ ಚಕ್ರ ಕೂರಿಸುವ ಜಾಣತನದಿಂದ ಪ್ರಮಾಣಪತ್ರ ದೊರೆತೀತೇ ಹೊರತು ರಕ್ಷಣೆ ದೊರೆಯುವುದಿಲ್ಲ.

ರಕ್ಷಣೆಯ ಈ ಮಾತು ದಂಡದ ಮಾತಿಗಿಂತ ದೊಡ್ಡದು. ಅಪಘಾತವಾದಾಗ ವಿಮಾ ಕಂಪನಿಯ ಸಮೀಕ್ಷಕರು ಮೊದಲು ನೋಡುವುದು ನೋಂದಣಿ ಪತ್ರದಲ್ಲಿರುವ ವಾಹನವೂ ರಸ್ತೆಯಲ್ಲಿ ಬಿದ್ದಿರುವ ವಾಹನವೂ ಒಂದೇ ಹೌದೇ ಎಂಬುದನ್ನು. ತಿಳಿಸದೆ ಮಾಡಿದ ಮಾರ್ಪಾಡು ಸ್ವಂತ ವಾಹನದ ಹಾನಿಯ ಕ್ಲೇಮನ್ನು ಕಂಪನಿಯು ತಿರಸ್ಕರಿಸಲು ಆಧಾರವಾಗುತ್ತದೆ. ಮೂರನೆಯವರಿಗೆ ಪರಿಹಾರ ಕೊಟ್ಟ ಬಳಿಕವೂ ಆ ಹಣವನ್ನು ಮಾಲೀಕನಿಂದ ವಸೂಲುಮಾಡಲು ಕಂಪನಿ ಹಕ್ಕು ಕೇಳಬಹುದು. ನಮ್ಮ ಭಾಗದ ಬಹುತೇಕ ವ್ಯಾಪಾರಗಳು ಏಕಮಾಲೀಕತ್ವದವು, ಇಲ್ಲವೇ ಪಾಲುದಾರಿಕೆಯವು. ಇಲ್ಲಿ ವ್ಯಾಪಾರದ ಸಾಲಕ್ಕೂ ಮನೆಯ ಆಸ್ತಿಗೂ ನಡುವೆ ಗೋಡೆಯಿಲ್ಲ. ನ್ಯಾಯಮಂಡಳಿಯ ಒಂದು ತೀರ್ಪು ಮಂಡಿಯನ್ನು ದಾಟಿ ವಾಸದ ಮನೆಯವರೆಗೂ, ಪಾಲುದಾರಿಕೆಯಾದರೆ ತಪ್ಪೇ ಅರಿಯದ ಪಾಲುದಾರನ ಮನೆಯವರೆಗೂ ಬರುತ್ತದೆ. ಮಾರ್ಪಾಡಿನ ನಿಜವಾದ ಬೆಲೆಯನ್ನು ಇಲ್ಲಿ ಕಾಣಬೇಕು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಸ್ಥಳ. ಬಂಜಾರರು ಅಂದಿನ ಸರಕು ಸಾಗಣೆದಾರರು. ಹತ್ತು ಹನ್ನೆರಡು ಸಾವಿರ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ಸಾಗುತ್ತಿದ್ದ ತಂಡಗಳನ್ನು ಹದಿನೇಳನೆಯ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ವರ್ಣಿಸಿದ್ದಾನೆ. ಮಿತಿ ಮೀರಿ ಹೇರಿದರೆ ಎತ್ತು ನಿಂತುಬಿಡುತ್ತದೆ. ಪಿಕಪ್ಪು ಹಾಗೆ ನಿಲ್ಲುವುದಿಲ್ಲ, ಮುರಿಯುವವರೆಗೂ ಓಡುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಸೇವಾಲಾಲರ ಜಯಂತಿಗೆ ಮಾಲಾಧಾರಿಗಳು ದೂರದೂರದಿಂದ ಬರುತ್ತಾರೆ. ಸರಕಿನ ವಾಹನವನ್ನು ಇಂತಹ ಸಂದರ್ಭಕ್ಕೆ ಜನರನ್ನು ಕೂರಿಸಲು ಕೊಡುವ ಮಾಲೀಕರು ಒಂದು ವಿಷಯ ತಿಳಿದಿರಬೇಕು: ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಮಾನಿಸಿದೆ. ಜೋಡಿ ಚಕ್ರವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ತೆರಿಗೆಯ ಕಡೆಯಿಂದಲೂ ಮಾರ್ಪಾಡಿಗೆ ಅನುಕೂಲವಿಲ್ಲ. ಇದನ್ನು ರಿಪೇರಿ ಖರ್ಚಿನಲ್ಲಿ ಬರೆಯುವ ರೂಢಿ ಸರಿಯಲ್ಲ. ಇರುವ ಆಸ್ತಿಯನ್ನು ಇದ್ದಂತೆ ಕಾಪಾಡುವುದಷ್ಟೇ ಚಾಲ್ತಿ ರಿಪೇರಿ ಎಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಸ್ಪಷ್ಟಪಡಿಸಿದೆ. ಒಂಟಿ ಚಕ್ರವನ್ನು ಜೋಡಿಯಾಗಿಸುವುದು ಆಸ್ತಿಯ ಸ್ವರೂಪವನ್ನೇ ಬದಲಿಸುವ ಬಂಡವಾಳ ವೆಚ್ಚ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಖರ್ಚನ್ನೂ ಅಪರಾಧಕ್ಕೆ ತೆತ್ತ ದಂಡವನ್ನೂ ಆದಾಯದಿಂದ ಕಳೆಯಲು ಬರುವುದಿಲ್ಲ. 1961ರ ಕಾಯಿದೆಯ ಈ ತತ್ತ್ವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಉಳಿದಿದೆ. ಬಿಲ್ಲಿಲ್ಲದ ಗ್ಯಾರೇಜ್ ಕೆಲಸಕ್ಕೆ ಜಿ.ಎಸ್.ಟಿ. ಜಮೆಯ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಸರಕು ಹೆಚ್ಚಿದ ವರ್ತಕನಿಗೆ ದಾರಿಯೇನು? ಕಾರ್ಖಾನೆಯಿಂದಲೇ ಜೋಡಿ ಚಕ್ರದೊಂದಿಗೆ ಬರುವ ವಾಹನವನ್ನು, ಹೊಸದಾಗದಿದ್ದರೆ ಹಳೆಯದನ್ನಾದರೂ ಕೊಳ್ಳುವುದು. 1986ರಿಂದ ಪರಿಚಿತವಾಗಿರುವ ಟಾಟಾ 407 ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಇದಕ್ಕೆ ಎರಡು ಆಕ್ಷೇಪಣೆಗಳು ಕೇಳಿಬರುತ್ತವೆ. ಒಟ್ಟು ತೂಕ 3,000 ಕಿಲೋ ಮೀರಿದರೆ ಪರ್ಮಿಟ್ ಬೇಕಾಗುತ್ತದೆ ಎಂಬುದು ಒಂದು. ಇದು ನಿಜ; ಪರ್ಮಿಟ್ಟಿನ ಓಡಾಟ, ಖರ್ಚು ಎರಡೂ ಇವೆ. ಆದರೆ ಅದು ಮೊದಲೇ ಗೊತ್ತಿರುವ ಖರ್ಚು, ಅಪಘಾತದ ಹೊಣೆಯಂತೆ ಅಳತೆ ತಪ್ಪಿದ್ದಲ್ಲ. ದೊಡ್ಡ ಗಾಡಿಗೆ ಬೇರೆ ಲೈಸೆನ್ಸಿನ ಚಾಲಕ ಬೇಕು ಎಂಬುದು ಇನ್ನೊಂದು. ಈ ಆತಂಕಕ್ಕೆ ಈಗ ಆಧಾರವಿಲ್ಲ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್ ಉಳ್ಳವನು ಪ್ರತ್ಯೇಕ ನಮೂದಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಇಂದು ಪಿಕಪ್ ಓಡಿಸುವ ಹುಡುಗನೇ ನಾಳೆ ಆರು ಟೈರಿನ ಗಾಡಿಯನ್ನೂ ಓಡಿಸಬಹುದು.

ಬಾಡಿಗೆಗೆ ಓಡಿಸುವವರಿಗೆ ಇನ್ನೊಂದು ಅನುಕೂಲವಿದೆ. ಹತ್ತಕ್ಕೆ ಮೀರದಷ್ಟು ವಾಹನಗಳುಳ್ಳವರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡರೆ, 12,000 ಕಿಲೋ ಮೀರದ ಪ್ರತಿ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಗಣಿಸಲಾಗುತ್ತದೆ. 13 ಕ್ವಿಂಟಾಲಿನ ಪಿಕಪ್ಪಿಗೂ ಅಷ್ಟೇ, ಅದರ ಎರಡು ಪಟ್ಟು ಹೊರುವ ಆರು ಟೈರಿನ ವಾಹನಕ್ಕೂ ಅಷ್ಟೇ. ಮಾರ್ಪಾಡು ಮಾಡಿಸಿದವರಿಗಾದರೋ ಈ ಪದ್ಧತಿಯಲ್ಲಿ ಆ ಖರ್ಚನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ.

ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಸರಕಿನ ಒತ್ತಡವಿರುವ ಸಣ್ಣ ವರ್ತಕನು ದೊಡ್ಡ ವಾಹನವನ್ನು ಕೊಳ್ಳಬೇಕಾದುದೂ ಇಲ್ಲ. ಒಂದೇ ಮಾರುಕಟ್ಟೆಯ ನಾಲ್ವರು ಸೇರಿ ಹಂಗಾಮಿಗೆ ಒಂದು ವಾಹನವನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು, ತೂಕದ ಚೀಟಿಯಂತೆ ಖರ್ಚು ಹಂಚಿಕೊಳ್ಳಬಹುದು. ಒಕ್ಕುವ ಯಂತ್ರವನ್ನು ಎಳೆಯುವ ಕೆಲಸಕ್ಕೆ ಟ್ರ್ಯಾಕ್ಟರೇ ತಕ್ಕ ಸಾಧನ. ಪಿಕಪ್ಪನ್ನು ಅದಕ್ಕೆ ಹೂಡುವುದು ಕರುವನ್ನು ನೇಗಿಲಿಗೆ ಕಟ್ಟಿದಂತೆ.

ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವಿದೆ. ಸಾರಿಗೆ ಇಲಾಖೆಯ ಅಧಿಕಾರಿಗಳನ್ನೂ ವಿಮಾ ಸಮೀಕ್ಷಕರನ್ನೂ ತಾಲ್ಲೂಕು ಕೇಂದ್ರಗಳಿಗೆ ಕರೆಸಿ, ಯಾವ ಬದಲಾವಣೆಗೆ ಅನುಮತಿಯುಂಟು, ಯಾವುದಕ್ಕಿಲ್ಲ ಎಂಬುದನ್ನು ಗ್ಯಾರೇಜಿನವರ ಎದುರಿನಲ್ಲಿಯೇ ವಿವರಿಸುವಂತೆ ಮಾಡಬೇಕು. ಗ್ಯಾರೇಜಿನವರನ್ನು ಬಿಟ್ಟು ನಡೆಸಿದ ಸಭೆಯಿಂದ ಪ್ರಯೋಜನವಿಲ್ಲ, ಏಕೆಂದರೆ ವರ್ತಕನು ಸಲಹೆ ಕೇಳುವುದು ಅವರನ್ನೇ.

ಈಗಾಗಲೇ ಮಾರ್ಪಾಡು ಮಾಡಿಸಿರುವವರು ಖಾಲಿ ವಾಹನವನ್ನು ಒಮ್ಮೆ ವೇಬ್ರಿಡ್ಜಿಗೆ ಒಯ್ದು, ಬಂದ ತೂಕವನ್ನು ನೋಂದಣಿ ಪತ್ರದ ಅಂಕಿಯೊಡನೆ ಹೋಲಿಸಿ ನೋಡುವುದು ಲೇಸು. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿತ್ತೇ ಎಂಬುದನ್ನೂ ಪರಿಶೀಲಿಸಬೇಕು. ಮೆಕ್ಕೆಜೋಳದ ಆವಕ ಅಕ್ಟೋಬರಿನಿಂದ ಏರುತ್ತದೆ. ಹಳೆಯ ವಾಹನವನ್ನು ಮಾರಿ, ಸಾಲ ಮಂಜೂರಾಗಿ, ಹೊಸದರ ನೋಂದಣಿ ಮತ್ತು ಪರ್ಮಿಟ್ ಕೈಸೇರಲು ವಾರಗಳೇ ಹಿಡಿಯುವುದರಿಂದ, ಬದಲಿಸಬೇಕೆಂದಿರುವವರು ಗಣೇಶನ ಹಬ್ಬಕ್ಕೆ ಮುಂಚೆಯೇ ಕಾಗದಪತ್ರಗಳ ಕೆಲಸ ಆರಂಭಿಸಬೇಕಾಗುತ್ತದೆ.