ಕೇಶಿರಾಜನ ಕಣ್ಣು, ಕಾಶ್ಗರಿಯ ಕಿವಿ

ವ್ಯಾಕರಣವೆಂದರೆ ವಿದ್ಯಾರ್ಥಿಗಳಿಗೆ ಭಯ; ಅಧ್ಯಾಪಕರಲ್ಲಿಯೂ ಹಲವರಿಗೆ ಬೇಸರ. ಬೆಂಗಳೂರಿನ ಪಡುವಣ ಬಡಾವಣೆಯ ಕಾಲೇಜೊಂದರಲ್ಲಿ 'ಶಬ್ದಮಣಿದರ್ಪಣ'ವನ್ನು ಪಾಠ ಹೇಳುವ ನಾನು ಇದನ್ನು ಬಲ್ಲೆ. ಆದರೆ ಸುಮಾರು 1260ರಲ್ಲಿ ಹುಟ್ಟಿದ ಈ ಗ್ರಂಥವನ್ನು ಸೂತ್ರಗಳ ಕಂತೆಯೆಂದು ಉರುಹೊಡೆಯುವುದು ಅದರ ಜೀವವನ್ನು ಬಿಟ್ಟು ದೇಹವನ್ನು ಹೊತ್ತಂತೆ.

ನಾಗವರ್ಮನು 'ಕರ್ಣಾಟಕ ಭಾಷಾಭೂಷಣ'ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. 1604ರಲ್ಲಿ ಭಟ್ಟಾಕಳಂಕನೂ ತನ್ನ 'ಶಬ್ದಾನುಶಾಸನ'ಕ್ಕೆ ಸಂಸ್ಕೃತವನ್ನೇ ಆರಿಸಿದನು. ಕೇಶಿರಾಜನಾದರೋ ಕನ್ನಡದ ಲಕ್ಷಣವನ್ನು ಕನ್ನಡ ಕಂದಗಳಲ್ಲಿ ಹೇಳಿ, ಕವಿಪ್ರಯೋಗಗಳಿಂದ ಅದನ್ನು ಸಮರ್ಥಿಸಿದನು. ಗಜಗ, ಗುಣನಂದಿ ಮೊದಲಾದವರ ಕೃತಿಗಳು ನಮಗೆ ದೊರೆತಿಲ್ಲ. ಅವರ ಹೆಸರಾದರೂ ಈತನ ಗ್ರಂಥದಲ್ಲಿ ಉಳಿದಿದೆ. ಬಳಕೆಯಿಂದ ಜಾರುತ್ತಿದ್ದ ೞಕಾರವು ಯಾವ ಶಬ್ದಗಳಲ್ಲಿ ಸಹಜವೆಂಬುದನ್ನೂ ಆತನು ಪಟ್ಟಿ ಮಾಡಿಟ್ಟನು. ನಮ್ಮ 'ಹಳೆಯ' ಎಂಬುದು ಹಿಂದೆ 'ಪೞೆಯ' ಆಗಿತ್ತೆಂದು ತಿಳಿಯುವವರಿಗೆ ಆ ಪಟ್ಟಿಯ ಬೆಲೆ ಗೊತ್ತು.

ಆದರೂ ಕೇಶಿರಾಜನ ಕಣ್ಣು ಕವಿಗಳ ಓಲೆಗಳ ಮೇಲಿತ್ತು. ಇನ್ನೊಂದು ದಾರಿಯನ್ನು ದೂರದ ವಿದ್ವಾಂಸನೊಬ್ಬನಲ್ಲಿ ಕಾಣಬಹುದು. ಮಹಮೂದ್ ಕಾಶ್ಗರಿ 1070ರ ದಶಕದಲ್ಲಿ ಬಾಗ್ದಾದಿನಲ್ಲಿ ತುರ್ಕಿ ನುಡಿಗಳ ಮಹಾಕೋಶವೊಂದನ್ನು ಅರಬ್ಬಿಯಲ್ಲಿ ಬರೆದನು. ಬೇರೆ ಬೇರೆ ಕುಲಗಳ ಉಚ್ಚಾರಭೇದ, ಗಾದೆ, ಹಾಡುಗಳಿಗೆ ಕಿವಿಗೊಟ್ಟು ಅವನ್ನು ಕೋಶದಲ್ಲಿ ಸೇರಿಸಿದನು. ಅದರ ಉಳಿದಿರುವ ಏಕೈಕ ಹಸ್ತಪ್ರತಿ 1266ರಲ್ಲಿ ನಕಲಾದದ್ದು. ಎಂದರೆ ಹೆಚ್ಚುಕಡಿಮೆ ಕೇಶಿರಾಜನ ಕಾಲದ್ದು. ಆ ಒಂದು ಪ್ರತಿ ಅಳಿದಿದ್ದರೆ ಎಷ್ಟೋ ಬಾಯಿಗಳ ಮಾತು ಅದರೊಡನೆ ಅಳಿಯುತ್ತಿತ್ತು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ನಮ್ಮ ಮುಂದಿದೆ. ಇನ್ನು ಸಂಗ್ರಹವೇಕೆಂದು ಕೆಲವರು ಕೇಳಬಹುದು. ಅದು ಮುಖ್ಯವಾಗಿ ಬರಹಕ್ಕಿಳಿದ ಕನ್ನಡದ ಭಂಡಾರ. ಬರಹಕ್ಕಿಳಿಯದ ಮಾತುಗಳ ಗತಿಯೇನು? ಕೆಂಗೇರಿಯ ಸುತ್ತಣ ಹೊಲಗಳು ನಿವೇಶನಗಳಾದುವು. ಏತ ಹೋಯಿತು, ಕಪಿಲೆ ಹೋಯಿತು. ಅವುಗಳ ಹಗ್ಗ, ಮರ, ಚಕ್ರಗಳಿಗೆ ಒಂದೊಂದಕ್ಕೂ ಹೆಸರಿತ್ತು. ಆ ಹೆಸರುಗಳನ್ನು ಬಲ್ಲ ಹಿರಿಯರು ಇಂದು ವಿಜಯನಗರ, ಬಸವೇಶ್ವರನಗರಗಳ ಮೊಮ್ಮಕ್ಕಳ ಮನೆಗಳಲ್ಲಿ, ಕೇಳುವವರಿಲ್ಲದೆ ಸುಮ್ಮನೆ ಕುಳಿತಿದ್ದಾರೆ.

ಕನ್ನಡ ಎಂ.ಎ. ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಹಿರಿಯರಿಂದ, ಒಂದು ಕಸುಬಿನ, ಇಪ್ಪತ್ತು ಮಾತುಗಳನ್ನು ಬರೆದು ತರಲಿ. ಅರ್ಥವಷ್ಟೇ ಸಾಲದು, ಅವರಾಡಿದ ವಾಕ್ಯವೂ ಇರಲಿ. ಪ್ರಯೋಗವಿಲ್ಲದ ಲಕ್ಷಣ ನಿಲ್ಲದೆಂಬುದೇ ಕೇಶಿರಾಜನ ಪಾಠ. ಈ ಕೆಲಸಕ್ಕೆ ಅನುದಾನ ಬೇಡ, ಆಯೋಗ ಬೇಡ. ಬೇಕಾದದ್ದು ಒಂದು ಪುಸ್ತಕ, ಒಂದು ಸಂಜೆ, ಹಿರಿಯರೆದುರು ಕುಳಿತುಕೊಳ್ಳುವ ವಿನಯ. ಸಾವಕಾಶ ಮಾಡಿದರೆ ಪುಸ್ತಕ ಸಿಕ್ಕೀತು, ಸಂಜೆಯೂ ಸಿಕ್ಕೀತು. ಹೇಳುವವರು ಮಾತ್ರ ಇರಲಾರರು.